ಹೆಲಿಕಾಪ್ಟರ್‌ನಿಂದ ಹಗ್ಗದಲ್ಲಿ ಇಳಿದು ಜನರನ್ನು ಎತ್ತುವ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಗಂಗಾವಳಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲೂಕಿನವನು. ಸೆಕೆಂಡ್ ಪಿಯು, ಪಿಸಿಎಂ. ವಯಸ್ಸು 17. ಅಪ್ಪ ಮೀನುಗಾರಿಕೆ ಮಾಡುತ್ತಾರೆ. ನಾನು ಏಳು ವರ್ಷಕ್ಕೇ ಈಜು ಕಲಿತವನು, ರಜೆಯಲ್ಲಿ ಬೋಟಿಗೂ ಹೋಗುತ್ತೇನೆ.

2024ರ ಜುಲೈನಲ್ಲಿ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತಲ್ಲ, ಆಗ ದೂರದಿಂದ ನಿಂತು ನೋಡಿದವರಲ್ಲಿ ನಾನೂ ಒಬ್ಬ. ನೇವಿ ಡೈವರ್‌ಗಳು ಬಂದರೂ ನದಿಯ ಸೆಳವಿಗೆ ದಿನಗಟ್ಟಲೆ ಕೆಳಗೆ ಇಳಿಯಲು ಆಗಲಿಲ್ಲ. ಅವರಲ್ಲಿ ಒಬ್ಬರು ಡ್ರೆಸ್ ಹಾಕಿಕೊಂಡು ಬೋಟಿನ ಅಂಚಿನಲ್ಲಿ ತುಂಬಾ ಹೊತ್ತು ಕೂತಿದ್ದರು. ನೀರನ್ನೇ ನೋಡುತ್ತಿದ್ದರು. ಅದು ನನ್ನ ತಲೆಯಿಂದ ಹೋಗಿಲ್ಲ. ಆಮೇಲೆ ನಂದಿಬೆಟ್ಟದಲ್ಲಿ ಬಂಡೆ ಮಧ್ಯೆ ಸಿಕ್ಕಿಬಿದ್ದ ಹುಡುಗನನ್ನು ಹೆಲಿಕಾಪ್ಟರ್‌ನಿಂದ ಎತ್ತಿದ ವಿಡಿಯೋ ನೋಡಿದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನನಗೆ ಆ ಕೆಲಸ ಮಾಡಬೇಕು.

ಆದರೆ ದಾರಿ ಗೊತ್ತಾಗುತ್ತಿಲ್ಲ. ಪೈಲಟ್ ಆಗಬೇಕಾ? ಹಗ್ಗದಲ್ಲಿ ಇಳಿಯುವವರು ಯಾರು, ಅವರು ಕಮಾಂಡೋಗಳಾ? ಪಿಯು ಆದ ಮೇಲೆ ಸೇನೆಯಲ್ಲಿ ಆಫೀಸರ್ ಆಗಲು ಬರೆಯುವ ಎನ್‌ಡಿಎ ಪರೀಕ್ಷೆ ಬರೆಯಲಾ ಇಲ್ಲ ಕೋಸ್ಟ್ ಗಾರ್ಡ್‌ಗೆ ನಾವಿಕನಾಗಿ ಹೋಗಲಾ? ಪೇಟೆಯಲ್ಲಿ ಒಂದು ಅಕಾಡೆಮಿಯವರು ರೆಸ್ಕ್ಯೂ ಕಮಾಂಡೋ ಕೋರ್ಸ್ ಅಂತ 60 ಸಾವಿರ ಕೇಳಿದರು, ಅಪ್ಪ ಸಾಲ ಮಾಡಿಯಾದರೂ ಕೊಡುತ್ತೇನೆ ಅನ್ನುತ್ತಿದ್ದಾರೆ. ಎಡಗಣ್ಣಿಗೆ ಮೈನಸ್ 0.5 ಇದೆ. ಅಮ್ಮನಿಗೆ ಹೆಲಿಕಾಪ್ಟರ್ ಅಂದರೇ ಭಯ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ_ನಾವಿಕ

ತಮ್ಮಾ, ಮೊದಲು ಅಪ್ಪನಿಗೆ ಹೇಳು, ಸಾಲ ಮಾಡುವುದು ಬೇಡ. ಸರ್ಚ್ ಅಂಡ್ ರೆಸ್ಕ್ಯೂ ಅಂತ ನೇರವಾಗಿ ಸೇರಿಸಿಕೊಳ್ಳುವ ಹುದ್ದೆ ಸೇನೆ, ನೇವಿ, ಏರ್‌ಫೋರ್ಸ್, ಕೋಸ್ಟ್ ಗಾರ್ಡ್ ಎಲ್ಲಿಯೂ ಇಲ್ಲ. ಮೊದಲು ನಾವಿಕನೋ ಏರ್‌ಮನ್ನೋ ಆಫೀಸರೋ ಆಗಬೇಕು. ಆಮೇಲೆ ಡೈವಿಂಗ್‌ಗೋ ಹಾರಾಟಕ್ಕೋ ನೀನಾಗಿಯೇ ಹೆಸರು ಕೊಡಬೇಕು. ಮತ್ತೆ ಮೆಡಿಕಲ್, ಮತ್ತೆ ಟ್ರೇನಿಂಗ್, ಅರ್ಧಕ್ಕರ್ಧ ಜನ ಅಲ್ಲೇ ವಾಪಸ್ ಬರುತ್ತಾರೆ. ಆ ಅಕಾಡೆಮಿಯ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ.

ಕೋಸ್ಟ್ ಗಾರ್ಡ್‌ನಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಇಳಿಯುವವನನ್ನು ಏರ್‌ಕ್ರೂ ಡೈವರ್ ಅನ್ನುತ್ತಾರೆ. ನಾನು ಕೆಲವು ವರ್ಷ ಅದೇ ಮಾಡಿದವನು. ವಿಡಿಯೋದಲ್ಲಿ ಕಾಣದ್ದು ಸ್ವಲ್ಪ ಹೇಳುತ್ತೇನೆ ಕೇಳು.

ಒಂದು ಆಗಸ್ಟ್‌ನಲ್ಲಿ ಎಂಜಿನ್ ಕೆಟ್ಟು ನೀರು ತುಂಬಿಕೊಳ್ಳುತ್ತಿದ್ದ ಬೋಟಿನ ಮೇಲೆ ಇಳಿದೆವು. ಮೇಲಿಂದ ನೋಡಿದರೆ ಸಮುದ್ರ ಸಪಾಟು. ಕೆಳಗೆ ಬಂದಾಗಲೇ ಗೊತ್ತಾಗುವುದು. ರೆಕ್ಕೆಯ ಗಾಳಿಗೆ ನೀರು ಹುಡಿಯಾಗಿ ಎದ್ದು ಮುಖಕ್ಕೆ ಮರಳು ಎರಚಿದ ಹಾಗೆ ಹೊಡೆಯುತ್ತದೆ, ಉಸಿರು ಬೇಕೆಂದರೆ ಮುಖ ಪಕ್ಕಕ್ಕೆ ತಿರುಗಿಸಬೇಕು. ಎಷ್ಟು ಕೂಗಿದರೂ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ. ಬೋಟಿನವರು ಸಹಾಯ ಮಾಡೋಣ ಅಂತಲೇ ಓಡಿ ಬಂದು ಹಗ್ಗದ ತುದಿಯ ಕೊಕ್ಕೆ ಹಿಡಿಯಲು ನೋಡುತ್ತಾರೆ. ಹಾರುವಾಗ ಹೆಲಿಕಾಪ್ಟರ್ ಮೈಯಲ್ಲಿ ಕರೆಂಟ್ ಕೂಡಿಕೊಂಡಿರುತ್ತದೆ. ಕೊಕ್ಕೆ ಮೊದಲು ನೀರಿಗೋ ಡೆಕ್ಕಿಗೋ ತಾಗಬೇಕು, ಇಲ್ಲದಿದ್ದರೆ ಹಿಡಿದವನಿಗೆ ಜೋರಾಗಿ ಹೊಡೆಯುತ್ತದೆ. ಇನ್ನು ಕೆಲವರು ಕೊಕ್ಕೆಯನ್ನು ಬೋಟಿಗೇ ಕಟ್ಟಲು ಹೋಗುತ್ತಾರೆ. ಕಟ್ಟಿದರೆ ಮುಂದಿನ ಅಲೆಗೆ ಬೋಟು ಕೆಳಗಿಳಿದಾಗ ಏನಾಗುತ್ತದೆ ಅಂತ ನೀನೇ ಯೋಚಿಸು.

ಎತ್ತುವಾಗ ಪಟ್ಟಿ ಬೆನ್ನ ಹಿಂದಿನಿಂದ ಎರಡೂ ಕಂಕುಳ ಕೆಳಗೆ ಬಂದು ಎದೆ ಹತ್ತಿರ ಬಿಗಿಯುತ್ತದೆ. ಕೈ ಕೆಳಗಿದ್ದಷ್ಟು ಹೊತ್ತು ಅದು ಗಟ್ಟಿ. ಆದರೆ ಹೆದರಿದ ಮನುಷ್ಯ ಬಾಗಿಲ ಹತ್ತಿರ ಬಂದ ಕೂಡಲೇ ಏನಾದರೂ ಹಿಡಿಯೋಣ ಅಂತ ಎರಡೂ ಕೈ ಮೇಲೆತ್ತುತ್ತಾನೆ. ಎತ್ತಿದನೋ, ಪಟ್ಟಿಯೊಳಗಿಂದ ಕೆಳಗೆ ಜಾರುತ್ತಾನೆ. ಆವತ್ತು ನಾನು ತಂದ ಅಜ್ಜ ಸಣಕಲು ಆಳು. ಅವರ ತೋಳನ್ನು ಎರಡೂ ಕಡೆಯಿಂದ ಅಪ್ಪಿ ಒತ್ತಿ ಹಿಡಿದೇ ಮೇಲೆ ಬಂದೆ. ಅವರು ಒಂದೇ ಸಮ ಬಾಯಿ ಆಡಿಸುತ್ತಿದ್ದರು, ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಒಳಗೆ ಕೂರಿಸಿದ ಮೇಲೆ ತಿಳಿಯಿತು, ಜೊತೆಗಿದ್ದ ಹುಡುಗನನ್ನು ಮೊದಲು ಎತ್ತಿ ಅನ್ನುತ್ತಿದ್ದರಂತೆ. ಹುಡುಗನನ್ನೂ ತಂದೆವು.

ನಿನಗೆ ಹತ್ತಿರದ ದಾರಿ ನಾವಿಕ ಜನರಲ್ ಡ್ಯೂಟಿ. ಪಿಯುನಲ್ಲಿ ಗಣಿತ, ಫಿಸಿಕ್ಸ್ ಇದ್ದರೆ ಸಾಕು, 18ರಿಂದ 22 ವರ್ಷ. ಓಟ 1.6 ಕಿಲೋಮೀಟರ್ 7 ನಿಮಿಷದಲ್ಲಿ, 20 ಬೈಠಕ್, 10 ದಂಡ. ಟ್ರೇನಿಂಗ್ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಕೋಸ್ಟ್ ಗಾರ್ಡ್‌ನಲ್ಲಿ ಅಗ್ನಿವೀರ್ ಪದ್ಧತಿ ಇಲ್ಲ, ಅದೂ ಗಮನದಲ್ಲಿರಲಿ. ನೇವಿ, ಏರ್‌ಫೋರ್ಸ್‌ನಲ್ಲಿ ಈಗ ಕೆಳಗಿನ ಹಂತಕ್ಕೆ ಬಹುತೇಕ ಅಗ್ನಿವೀರ್ ಆಗಿಯೇ ಸೇರಬೇಕು. 4 ವರ್ಷ ಆದ ಮೇಲೆ ಗರಿಷ್ಠ ನಾಲ್ಕರಲ್ಲಿ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ.

ಯಲಹಂಕ_ನಿವೃತ್ತ

ಮೇಲಿನವರು ಸಮುದ್ರದ ಕಡೆ ಹೇಳಿದ್ದಾರೆ. ನಾನು ಏರ್‌ಫೋರ್ಸ್‌ನಲ್ಲಿ ಎಂಐ-17 ಹೆಲಿಕಾಪ್ಟರ್‌ಗಳ ಜೊತೆ ಕೆಲಸ ಮಾಡಿದವನು, ನಿಮ್ಮ ನಂದಿಬೆಟ್ಟದ ಪ್ರಶ್ನೆಗೆ ಮಾತ್ರ ಉತ್ತರ.

ಅದು 2022ರ ಫೆಬ್ರವರಿ 20. ಸುಮಾರು 300 ಅಡಿ ಕೆಳಗೆ ಬಿದ್ದು ಬಂಡೆಯ ಚಾಚಿನ ಮೇಲೆ ಸಿಕ್ಕಿಕೊಂಡಿದ್ದ 19 ವರ್ಷದ ವಿದ್ಯಾರ್ಥಿ. ಯಲಹಂಕದಿಂದ ಎಂಐ-17 ಹೋಯಿತು. ಇಳಿಯಲು ಜಾಗವೇ ಇರಲಿಲ್ಲ. ವಿಂಚ್‌ನಲ್ಲಿ, ಅಂದರೆ ಹಗ್ಗ ಇಳಿಸಿ ಎಳೆಯುವ ಯಂತ್ರದಲ್ಲಿ, ಇಳಿದು ಆ ಹುಡುಗನನ್ನು ಎತ್ತಿಕೊಂಡು ಬಂದವರು ಪೈಲಟ್ ಅಲ್ಲ, ಕಮಾಂಡೋನೂ ಅಲ್ಲ, ಫ್ಲೈಟ್ ಗನ್ನರ್. ಹೆಸರು ಕೇಳಿದರೆ ಗುಂಡು ಹಾರಿಸುವವರು ಅನ್ನಿಸುತ್ತದೆ, ಆ ಕೆಲಸವೂ ಇದೆ, ಆದರೆ ವಿಂಚ್ ಮತ್ತು ಬಾಗಿಲು ಅವರದೇ ಜವಾಬ್ದಾರಿ. ಏರ್‌ಮನ್ ಆಗಿ ಸೇರಿದವರಲ್ಲೇ ಮುಂದೆ ಸ್ವಇಚ್ಛೆಯಿಂದ ಬಂದವರನ್ನು ಆರಿಸಿ ಇದಕ್ಕೆ ತರಬೇತಿ ಕೊಡುತ್ತಾರೆ. ಒಳಗೆ ಮೆಡಿಕಲ್ ಅಸಿಸ್ಟೆಂಟ್ ಒಬ್ಬರು ಕಾಯುತ್ತಿದ್ದರು. ಹಾಗಾಗಿ ಪೈಲಟ್ ಆದರೆ ಮಾತ್ರ ಅನ್ನುವ ಯೋಚನೆ ಬಿಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹೆಲಿಕಾಪ್ಟರ್ ಸರಿಯಾಗಿ ತಲೆ ಮೇಲೆ ಬಂದು ನಿಂತಾಗ ಪೈಲಟ್‌ಗೆ ಕೆಳಗಿನ ಮನುಷ್ಯ ಕಾಣುವುದೇ ಇಲ್ಲ. ಬಾಗಿಲಲ್ಲಿ ಮಲಗಿ ಕೆಳಗೆ ನೋಡುತ್ತಿರುವವನ ಬಾಯಿಮಾತೇ ಪೈಲಟ್‌ಗೆ ಕಣ್ಣು. ಮುಂದೆ ಐದು, ಮುಂದೆ ಮೂರು, ಬಲಕ್ಕೆ ಒಂದು, ಸ್ಟೆಡಿ, ಸ್ಟೆಡಿ... ಈ ದನಿ ಏರಬಾರದು, ನಡುಗಬಾರದು, ತಡೆಯಬಾರದು. ಹಗ್ಗದ ತುದಿಯಲ್ಲಿ ಮನುಷ್ಯ ತೂಗುತ್ತಿರುವಾಗ ಇವನು ಎರಡು ಸೆಕೆಂಡ್ ಸುಮ್ನೆ ಆದರೂ ಪೈಲಟ್ ಕುರುಡ. ನಮ್ಮಲ್ಲಿ ಒಬ್ಬರಿದ್ದರು, ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರ ಹಾಗೆ ಒಂದೇ ಲಯದಲ್ಲಿ ಹೇಳುತ್ತಿದ್ದರು. ಅವರು ಬಾಗಿಲಲ್ಲಿದ್ದರೆ ಪೈಲಟ್‌ಗಳಿಗೆ ಅರ್ಧ ಭಾರ ಇಳಿಯುತ್ತಿತ್ತು.

ಎಲ್ಲ ಸಲವೂ ಒಳ್ಳೆಯದೇ ಆಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ದೇವಘರ್ ಹತ್ತಿರ ತ್ರಿಕೂಟ ಬೆಟ್ಟದ ರೋಪ್‌ವೇ ಕೆಟ್ಟಾಗ ತಂತಿಯಲ್ಲಿ ನೇತಾಡುತ್ತಿದ್ದ ಟ್ರಾಲಿಗಳಿಂದ ಜನರನ್ನು ಒಬ್ಬೊಬ್ಬರಾಗಿ ಎತ್ತಿದರು. ಹತ್ತಿರ ಹೋದರೆ ರೆಕ್ಕೆಯ ಗಾಳಿಗೆ ಟ್ರಾಲಿ ತೂಗುತ್ತದೆ, ದೂರ ನಿಂತರೆ ಹಗ್ಗ ಉದ್ದವಾಗಿ ಇಳಿದವನು ತೂಗುತ್ತಾನೆ. ಹತ್ತಾರು ಜನ ಬದುಕಿದರು. ಒಬ್ಬರು ಬಾಗಿಲ ತನಕ ಬಂದು ಬಿದ್ದುಹೋದರು. ಅದನ್ನು ನೋಡಿದ ಮೇಲೂ ಮಾರನೇ ದಿನ ಅದೇ ತಂಡ ಅದೇ ಬಾಗಿಲಲ್ಲಿ ಮಲಗಬೇಕು. ಉಳಿದವರು ಇನ್ನೂ ನೇತಾಡುತ್ತಿರುತ್ತಾರಲ್ಲ.

ಒಂದೇ_ಅವಕಾಶ

ಪೈಲಟ್ ದಾರಿ ಬಗ್ಗೆ ನಾನು ಹೇಳುತ್ತೇನೆ, ನನಗಾಗಿದ್ದು ಇನ್ನೊಬ್ಬರಿಗೆ ಆಗದಿರಲಿ ಅಂತ.

ನಾನು ಡಿಗ್ರಿ ಮುಗಿಸಿ, ಏರ್‌ಫೋರ್ಸ್‌ನಲ್ಲಿ ಆಫೀಸರ್ ಆಗಲು ಬರೆಯುವ ಎಎಫ್‌ಕ್ಯಾಟ್ ಪರೀಕ್ಷೆ ಬರೆದವಳು. ಬರವಣಿಗೆ ಪಾಸಾಯಿತು, ಮೈಸೂರಿನಲ್ಲಿ ಸೆಲೆಕ್ಷನ್ ಬೋರ್ಡ್. ಅಲ್ಲಿ ಸಿಪಿಎಸ್‌ಎಸ್ ಅಂತ ಪೈಲಟ್ ಪರೀಕ್ಷೆ ಇರುತ್ತದೆ. ಪರದೆ, ಜಾಯ್‌ಸ್ಟಿಕ್, ಪೆಡಲ್. ಕಣ್ಣು, ಕೈ, ಕಾಲು, ಕಿವಿ ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ಅದು ಜೀವನದಲ್ಲಿ ಒಂದೇ ಸಲ. ಫೇಲಾದರೆ ಪೈಲಟ್ ಬಾಗಿಲು ಪೂರ್ತಿ ಮುಚ್ಚಿತು, ಮತ್ತೆ ಎಷ್ಟು ಸಲ ಎಎಫ್‌ಕ್ಯಾಟ್ ಬರೆದರೂ ಅಷ್ಟೇ. ನಾನು ಹಿಂದಿನ ರಾತ್ರಿ ಮೂರು ಗಂಟೆ ತನಕ ಓದುತ್ತಾ ಕೂತಿದ್ದೆ, ಅದಕ್ಕೆ ಓದು ಬೇಕಾಗಿಯೇ ಇರಲಿಲ್ಲ, ನಿದ್ದೆ ಬೇಕಿತ್ತು. ಫೇಲ್. ಈಗ ಹಾರಾಟವಿಲ್ಲದ ಗ್ರೌಂಡ್ ಡ್ಯೂಟಿಗೆ ಪ್ರಯತ್ನಿಸುತ್ತಿದ್ದೇನೆ. ಆ ದಿನ ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಪಾಸಾದರೂ ಹೆಲಿಕಾಪ್ಟರ್ ಬೇಕು ಅಂತ ಹಠ ಹಿಡಿಯಲು ಆಗುವುದಿಲ್ಲ. ಮೊದಲು ದುಂಡಿಗಲ್‌ನಲ್ಲಿ ಎಲ್ಲರಿಗೂ ಒಂದೇ ವಿಮಾನ, ಪಿಲಾಟಸ್. ಆಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಹಂಚುತ್ತಾರೆ. ನಿನ್ನ ಇಷ್ಟ, ನಿನ್ನ ಅಂಕ, ಅವರ ಅಗತ್ಯ ಮೂರೂ ಕೂಡಿ ಬರಬೇಕು. ಹೆಲಿಕಾಪ್ಟರ್ ಸಿಕ್ಕವರು ಹೈದರಾಬಾದ್ ಹತ್ತಿರ ಹಕೀಂಪೇಟ್‌ಗೆ ಹೋಗುತ್ತಾರೆ. ನೇವಿಯವರಿಗೆ ಅರಕ್ಕೋಣಂನ ಐಎನ್‌ಎಸ್ ರಾಜಾಲಿ. ಎನ್‌ಡಿಎಗೆ ನಿನ್ನ ವಯಸ್ಸು ಸರಿಯಾಗಿದೆ, 19 ಆಗಿ ಅರ್ಧ ವರ್ಷದೊಳಗೆ ಮುಗಿಯುತ್ತದೆ, ತಡ ಮಾಡಬೇಡ. ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, 2022ರಿಂದ ಹುಡುಗಿಯರೂ ಎನ್‌ಡಿಎಯಲ್ಲಿದ್ದಾರೆ, ನನ್ನ ಕಾಲಕ್ಕೆ ಅದಿರಲಿಲ್ಲ.

ಕಣ್ಣಿನ ವಿಷಯ ಅಂಗಡಿಯಲ್ಲಿ ನೋಡಿಸಿದ್ದನ್ನೇ ನಂಬಬೇಡ. ಕಣ್ಣಿನ ಡಾಕ್ಟರ್ ಹತ್ತಿರ ಡ್ರಾಪ್ಸ್ ಹಾಕಿಸಿ ಸರಿಯಾಗಿ ಪರೀಕ್ಷೆ ಮಾಡಿಸು, ಜೊತೆಗೆ ಬಣ್ಣದ ಚುಕ್ಕಿಗಳಲ್ಲಿ ಅಂಕಿ ಓದುವ ಪರೀಕ್ಷೆಯನ್ನೂ. ಮೈನಸ್ ಇದ್ದರೆ ಏರ್‌ಫೋರ್ಸ್ ಪೈಲಟ್ ಆಗುವುದು ತುಂಬಾ ಕಷ್ಟ. ಯಾರೋ ಹೇಳಿದರು ಅಂತ ಈಗಲೇ ಲೇಸರ್ ಮಾಡಿಸಿಕೊಳ್ಳಬೇಡ, 20 ವರ್ಷಕ್ಕೆ ಮೊದಲು ಮಾಡಿಸಿಕೊಂಡರೆ ಒಪ್ಪುವುದಿಲ್ಲ. ಪೈಲಟ್‌ಗಳ ಮೆಡಿಕಲ್ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ನಡೆಯುತ್ತದೆ, ಅಲ್ಲಿ ಕಾಲಿನ ಉದ್ದ, ತೊಡೆಯ ಉದ್ದ ಸಹ ಅಳೆಯುತ್ತಾರೆ.

ಕೊಚ್ಚಿ_ಕನ್ನಡತಿ

ನಾನು ಅಮ್ಮನ ಭಯದ ಬಗ್ಗೆ ಬರೆಯುತ್ತೇನೆ. ನನ್ನ ಗಂಡ ನೇವಿ ಹೆಲಿಕಾಪ್ಟರ್ ಏರ್‌ಕ್ರೂ. ಹನ್ನೊಂದು ವರ್ಷದಿಂದ ಆ ಭಯ ನಮ್ಮ ಮನೆಯಲ್ಲೇ ಇದೆ.

ಅಮ್ಮನಿಗೆ ಏನೂ ಆಗುವುದಿಲ್ಲ ಅಂತ ಹೇಳಬೇಡ ಮಗಾ. ಅದು ಸುಳ್ಳು. 2013ರ ಜೂನ್ 25ರಂದು ಉತ್ತರಾಖಂಡದ ಪ್ರವಾಹದಲ್ಲಿ ಜನರನ್ನು ಸಾಗಿಸುತ್ತಿದ್ದ ಎಂಐ-17 ಗೌರಿಕುಂಡದ ಹತ್ತಿರ ಬಿದ್ದು 20 ಜನ ಹೋದರು. 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರ್ ಆಚೆ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡಿದ್ದ ಒಬ್ಬನನ್ನು ತರಲು ಹೋದ ಕೋಸ್ಟ್ ಗಾರ್ಡ್ ಧ್ರುವ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಉಳಿದಿದ್ದು ಒಬ್ಬ ಡೈವರ್. ಆ ರಾತ್ರಿ ನಮ್ಮ ಕ್ವಾರ್ಟರ್ಸ್‌ನಲ್ಲಿ ಯಾರೂ ಮಲಗಲಿಲ್ಲ, ಬೇರೆ ಪಡೆಯಾದರೂ ಎಲ್ಲರೂ ಒಂದೇ ಅಲ್ವಾ.

ಆದರೆ ಅವರು ಹೇಗೆ ತಯಾರಾಗುತ್ತಾರೆ ಅನ್ನುವುದನ್ನೂ ಅಮ್ಮನಿಗೆ ಹೇಳು. ಇಲ್ಲಿ ಕೊಚ್ಚಿಯ ನೇವಿ ವಾಯುನೆಲೆ ಐಎನ್‌ಎಸ್ ಗರುಡದಲ್ಲಿ ನೀರಿನಿಂದ ತಪ್ಪಿಸಿಕೊಳ್ಳುವ ತರಬೇತಿ ಕೊಡುವ ಕೊಳ ಇದೆ. ಎಂಜಿನ್, ಗೇರ್‌ಬಾಕ್ಸ್ ಭಾರವೆಲ್ಲ ಮೇಲಿರುವುದರಿಂದ ಹೆಲಿಕಾಪ್ಟರ್ ನೀರಿಗೆ ಬಿದ್ದರೆ ತಲೆಕೆಳಗಾಗುತ್ತದೆ. ಅದಕ್ಕೇ ಬೆಲ್ಟ್ ಕಟ್ಟಿ ಕೂರಿಸಿ ಕ್ಯಾಬಿನ್ ಸಮೇತ ಮುಳುಗಿಸಿ ತಿರುಗಿಸುತ್ತಾರೆ, ಕತ್ತಲಲ್ಲೂ ಮಾಡಿಸುತ್ತಾರೆ. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ. ತಿರುಗುವುದು ನಿಲ್ಲುವ ತನಕ ಬೆಲ್ಟ್ ಬಿಚ್ಚಬಾರದು, ಬಿಚ್ಚಿದರೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಒಳಗೇ ಸುತ್ತುತ್ತಾರಂತೆ. ಇವರು ಮೊದಲ ಸಲ ಮಾಡಿ ಬಂದ ದಿನ ಮೂಗಿನಿಂದ ನೀರು ಇಳಿಯುತ್ತಲೇ ಇತ್ತು. ಊಟಕ್ಕೆ ಕೂತವರು ಎಡಗೈಯಲ್ಲಿ ಮೇಜಿನ ಅಂಚು ಹಿಡಿದೇ ಇದ್ದರು, ಅವರಿಗೇ ಗೊತ್ತಿಲ್ಲದೆ.

2018ರ ಆಗಸ್ಟ್ 17, ಕೇರಳದ ಪ್ರವಾಹ. ಆಲುವದ ಹತ್ತಿರ ತುಂಬು ಗರ್ಭಿಣಿಯೊಬ್ಬರನ್ನು ನೇವಿ ಹೆಲಿಕಾಪ್ಟರ್ ಎತ್ತಿತು. ಮೊದಲು ಡಾಕ್ಟರನ್ನು ಇಳಿಸಿ ನೋಡಿಸಿ ಆಮೇಲೆ ಎತ್ತಿದರು. ಅದೇ ದಿನ ನೇವಿ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಕೊನೆಗೆ ಒಂದು ಮನೆಯ ತಾರಸಿ ಮೇಲೆ ದೊಡ್ಡ ಅಕ್ಷರದಲ್ಲಿ ಥ್ಯಾಂಕ್ಸ್ ಅಂತ ಬಣ್ಣದಲ್ಲಿ ಬರೆದಿದ್ದರು. ಆ ಫೋಟೋ ಅಮ್ಮನಿಗೆ ತೋರಿಸು. ಪೋರಬಂದರ್ ವಿಷಯವನ್ನೂ ಹೇಳು. ಎರಡನ್ನೂ ಒಂದೇ ದಿನ ಹೇಳು.

ಗಂಗಾವಳಿ_ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಓದಿದರು, ಅಕಾಡೆಮಿ ಬೇಡ ಅಂತಾಯಿತು. ಅಮ್ಮನಿಗೆ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ರಾತ್ರಿ ಆ ಮಗು ಈಗ ಎಷ್ಟು ದೊಡ್ಡದಾಗಿರಬಹುದು ಅಂತ ಕೇಳಿದರು.

ಕಣ್ಣಿಗೆ ಶನಿವಾರ ಕುಮಟಾಕ್ಕೆ ಹೋಗುತ್ತೇನೆ. ಎನ್‌ಡಿಎ ಅರ್ಜಿ ಹಾಕುತ್ತೇನೆ, ನಾವಿಕ ನೋಟಿಫಿಕೇಶನ್ ಬಂದಾಗ ಅದಕ್ಕೂ ಹಾಕುತ್ತೇನೆ. ಇವತ್ತು ಬೆಳಿಗ್ಗೆ 1.6 ಕಿಲೋಮೀಟರ್ ಓಡಿದೆ, 7 ನಿಮಿಷ 50 ಸೆಕೆಂಡ್ ಆಯಿತು. ಈಜಿಗೆ ಏನು ಅಭ್ಯಾಸ ಮಾಡಲಿ ಅಣ್ಣ?

ಹಳೇ_ನಾವಿಕ

ಓಟ ಬರುತ್ತದೆ, ವಾರಕ್ಕೆ ಮೂರು ದಿನ ಓಡು, ಒಂದು ದಿನ ಗುಡ್ಡ ಹತ್ತು.

ಈಜಿನ ವಿಷಯ. ನಮ್ಮ ಕರಾವಳಿ ಹುಡುಗರು ತಲೆ ಮೇಲಿಟ್ಟುಕೊಂಡೇ ಈಜುತ್ತಾರೆ. ಧೈರ್ಯ ಇರುತ್ತದೆ, ಆದರೆ 200 ಮೀಟರಿಗೆ ಸುಸ್ತು. ಮುಖ ನೀರಿಗೆ ಹಾಕಿ ಪಕ್ಕಕ್ಕೆ ಉಸಿರು ತೆಗೆಯುವುದನ್ನು ಮೊದಲಿಂದ ಕಲಿ, ಎರಡೂ ಕಡೆಗೆ. ನಿಂತ ನೀರಿನಲ್ಲಿ ಬರೀ ಕಾಲಿನಿಂದ ತೇಲಿಕೊಂಡು ಎರಡೂ ಕೈ ನೀರಿನಿಂದ ಹೊರಗೆ ಇಡು, ಶುರುವಿಗೆ ಒಂದು ನಿಮಿಷ ಸಾಕು. ಇನ್ನೊಬ್ಬನನ್ನು ಹಿಡಿಯಬೇಕಾದಾಗ ನಿನಗೆ ಕೈ ಖಾಲಿ ಬೇಕು. ಒಬ್ಬನೇ ಇದ್ದಾಗ ನೀರೊಳಗೆ ಉಸಿರು ಕಟ್ಟುವ ಅಭ್ಯಾಸ ಮಾತ್ರ ಯಾವತ್ತೂ ಮಾಡಬೇಡ. ಎಚ್ಚರ ತಪ್ಪುವುದು ಗೊತ್ತೇ ಆಗುವುದಿಲ್ಲ, ಒಳ್ಳೆ ಈಜುಗಾರರೇ ಹಾಗೆ ಹೋಗಿದ್ದಾರೆ. ಮಳೆಗಾಲದಲ್ಲಿ ಕಡಲಿಗೂ ಹೊಳೆಗೂ ಇಳಿಯಬೇಡ.

ಶನಿವಾರ ಕಣ್ಣಿನ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕು, ನೋಡೋಣ.