ಕಾವಲಿ ತಾಗಿದ್ರೆ ಕೈ ಮೊದಲು ಹಿಂದೆ ಬರ್ತದೆ, ಉರಿ ಮತ್ತೆ ಶುರುವಾಗ್ತದೆ, ಯಾಕೆ?

ಕಟಪಾಡಿ_ಕಟ್ಟೆ:
ನೀರ್‌ದೋಸೆ ಹೊಯ್ಯುವಾಗ ಕಾವಲಿ ಬದಿಗೆ ಬೆರಳು ತಾಗಿತು. ಗೊತ್ತಾಗುವ ಮೊದಲೇ ಕೈ ಹಿಂದೆ ಬಂದಾಗಿತ್ತು, ಆಮೇಲೆ ಚುರ್ ಅಂತ ಒಂದ್ಸಲ, ಅದು ಕಳೆದು ಮತ್ತೆ ನಿಧಾನಕ್ಕೆ ಉರಿ. ತಾಗಿದ್ದು ಒಂದೇ ಸಲ ಅಲ್ವಾ, ಇದೆಂತ ಕಂತು ಕಂತಲ್ಲಿ ಬರುವುದು? ಮೆದುಳಿಗೆ ಗೊತ್ತಿಲ್ಲದೆ ಕೈ ಎಳೆದದ್ದು ಯಾರು ಹಾಗಾದ್ರೆ? ನಾನು ಪಿಯುಸಿಯಲ್ಲಿ ಕಾಮರ್ಸ್, ಸ್ವಲ್ಪ ಬಿಡಿಸಿ ಹೇಳಿ ಮಾರ್ರೆ.

ಫಿಸಿಯೋ_ಮಣಿಪಾಲ:
ಎಳೆದದ್ದು ಬೆನ್ನುಹುರಿ. ಬೆರಳಿಂದ ಹೊರಟ ಸಿಗ್ನಲ್ ತೋಳಿನ ನರದಲ್ಲಿ ಮೇಲೆ ಬಂದು ಕುತ್ತಿಗೆ ಹತ್ರ ಬೆನ್ನುಹುರಿ ಒಳಗೆ ಹೋಗ್ತದೆ, ಅಲ್ಲೇ ನಡುವಿನ ನರಕೋಶ ದಾಟಿ ತೋಳಿನ ಮುಂದಿನ ಸ್ನಾಯು ಬೈಸೆಪ್ಸಿಗೆ ಮಡಚು ಅಂತ ಆರ್ಡರ್ ಹೋಗ್ತದೆ, ಅದೇ ಹೊತ್ತಿಗೆ ಹಿಂದಿನ ಟ್ರೈಸೆಪ್ಸಿಗೆ ನೀನು ಸುಮ್ನಿರು ಅಂತ, ಇಲ್ಲದಿದ್ರೆ ಎರಡೂ ಜಗ್ಗಾಡಿ ಕೈ ಅಲ್ಲೇ ಇರ್ತಿತ್ತು. ಇದೇ ರಿಫ್ಲೆಕ್ಸ್. ಮೆದುಳಿಗೂ ಸುದ್ದಿ ಹೋಗ್ತದೆ, ಆದ್ರೆ ಅಲ್ಲಿ ಅದು ನೋವು ಅಂತ ಆಗುವಷ್ಟರಲ್ಲಿ ಇಲ್ಲಿ ಕೆಲಸ ಮುಗ್ದಿರ್ತದೆ. ಹಾಗಂತ ಮೆದುಳಿಗೆ ಇದ್ರಲ್ಲಿ ಅಧಿಕಾರವೇ ಇಲ್ಲ ಅಂತಲ್ಲ, ಬಿಸಿ ಸಾರಿನ ಪಾತ್ರೆ ಕೈಯಲ್ಲಿ ಉಂಟು, ಕಾಲಬುಡದಲ್ಲಿ ಮಗು ಉಂಟು, ಸುಟ್ರೂ ಬಿಡುದಿಲ್ಲ ಅಲ್ವಾ, ಅಲ್ಲಿ ಮೆದುಳು ಮೇಲಿಂದ ರಿಫ್ಲೆಕ್ಸನ್ನು ತಡೆಯುವುದು.
ಮತ್ತೆ ಸುಟ್ಟ ಕೂಡ್ಲೆ ಬೆರಳನ್ನು ನಲ್ಲಿ ನೀರಿಗೆ 20 ನಿಮಿಷ ಹಿಡೀರಿ. ಟೂತ್‌ಪೇಸ್ಟ್ ಹಚ್ಚುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಬಯಾಲಜಿ_ಟೀಚರ್:
ಚುರ್ ಮತ್ತು ಉರಿ ಬರುವುದು ಬೇರೆ ಬೇರೆ ತಂತುಗಳಲ್ಲಿ. ಚುರ್ ತರುವ ಎ-ಡೆಲ್ಟಾ ತಂತುವಿಗೆ ಮಯಲಿನ್ ಅಂತ ಕೊಬ್ಬಿನ ತೆಳು ಹೊದಿಕೆ ಉಂಟು, ಸ್ಪೀಡು ಸೆಕೆಂಡಿಗೆ 5ರಿಂದ 30 ಮೀಟರ್. ಉರಿ ತರುವ ಸಿ ತಂತು ಸಪೂರ, ಹೊದಿಕೆಯೂ ಇಲ್ಲ, ಸೆಕೆಂಡಿಗೆ 0.5ರಿಂದ 2 ಮೀಟರ್, ಅಂದ್ರೆ ನಾವು ನಡೆಯುವ ಸ್ಪೀಡು ಅಷ್ಟೇ. ಹೊದಿಕೆಯಲ್ಲಿ ಅಲ್ಲಲ್ಲಿ ಸಣ್ಣ ಗ್ಯಾಪ್ ಇರ್ತದೆ, ಸಿಗ್ನಲ್ ಗ್ಯಾಪಿಂದ ಗ್ಯಾಪಿಗೆ ಹಾರಿಕೊಂಡು ಹೋಗ್ತದೆ, ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಹಾಗೆ. ಸಿ ತಂತು ಕೈ ತೋರಿಸಿದಲ್ಲೆಲ್ಲ ನಿಲ್ಲುವ ಸರ್ವಿಸ್ ಬಸ್ಸು. ಸ್ನಾಯುವಿಗೆ ಹೋಗುವ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟುವುದೂ ಉಂಟು.
ಆದ್ರೆ ನರ ಅಂದ್ರೆ ಕರೆಂಟಿನ ವಯರ್ ಅಂದ್ಕೊಳ್ಬೇಡಿ. ವಯರಲ್ಲಿ ಓಡುವುದು ಎಲೆಕ್ಟ್ರಾನ್, ಇಲ್ಲಿ ಸೋಡಿಯಂ ಒಳಗೆ ನುಗ್ತದೆ, ಬೆನ್ನಿಗೇ ಪೊಟ್ಯಾಸಿಯಂ ಹೊರಗೆ ಹೋಗ್ತದೆ. ಸುಮ್ನಿರುವಾಗ ತಂತುವಿನ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ, ಸೋಡಿಯಂ ಚಾನೆಲ್, ಅಂದ್ರೆ ಸೋಡಿಯಂ ಒಳಗೆ ಬರುವ ಬಾಗಿಲು, ತೆರೆದಾಗ ಒಂದು ಮಿಲಿಸೆಕೆಂಡಿನಷ್ಟು ಹೊತ್ತು ಅದು ಉಲ್ಟಾ. ಹಲ್ಲು ಕೀಳುವ ಮೊದಲು ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಈ ಚಾನೆಲನ್ನೇ ಬಂದ್ ಮಾಡುವುದು. ಇದ್ರ ಲೆಕ್ಕಾಚಾರ ಬಿಡಿಸಿದ್ದು ಎಂತದ್ರಲ್ಲಿ ಗೊತ್ತುಂಟಾ, ನಮ್ಮ ಬೊಂಡಾಸಿನ (ಸ್ಕ್ವಿಡ್) ಜಾತಿಯದ್ರಲ್ಲಿ! ಅದ್ರ ನರಕ್ಕೆ ಮಯಲಿನ್ ಇಲ್ಲ, ಸ್ಪೀಡ್ ಬೇಕಾದ್ರೆ ತಂತುವೇ ದಪ್ಪ ಆಗ್ಬೇಕು, ಹಾಗಾಗಿ ಒಂದು ಮಿಲಿಮೀಟರ್‌ವರೆಗೆ ದಪ್ಪ ಇರ್ತದೆ, ಒಳಗೆ ಎಲೆಕ್ಟ್ರೋಡ್ ತೂರಿಸಬಹುದು. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಬರೆದ್ರು, 1963ರಲ್ಲಿ ನೊಬೆಲ್ ಸಿಕ್ತು.

ಬ್ರಹ್ಮಾವರ_ಭಟ್:
ನಮ್ಮ ಅಪ್ಪಯ್ಯನದ್ದು ಇದ್ರ ಉಲ್ಟಾ ಕತೆ. ಮಧ್ಯಾಹ್ನ ರಥಬೀದಿಯಲ್ಲಿ ಬರಿಗಾಲಲ್ಲಿ ಸುತ್ತಿ ಬಂದ್ರು, ನಾವೆಲ್ಲ ಕುಣಿಯುತ್ತಾ ನೆರಳಿಗೆ ಓಡಿದ್ದು, ಅವ್ರು ಆರಾಮ. ಮನೆಗೆ ಬಂದು ನೋಡಿದ್ರೆ ಪಾದದ ಅಡಿಯಲ್ಲಿ ಗುಳ್ಳೆ. ಶುಗರ್ ಉಂಟು ತುಂಬಾ ವರ್ಷದಿಂದ. ರಿಫ್ಲೆಕ್ಸ್ ಬೆನ್ನುಹುರಿಯದ್ದಾದ್ರೆ ಅವ್ರ ಕಾಲು ಯಾಕೆ ಎಳೀಲಿಲ್ಲ?

ಫಿಸಿಯೋ_ಮಣಿಪಾಲ:
@ಬ್ರಹ್ಮಾವರ_ಭಟ್ ಬೆನ್ನುಹುರಿಗೆ ಸುದ್ದಿಯೇ ಮುಟ್ಟದಿದ್ರೆ ಅದು ಎಳೆಯುವುದು ಹೇಗೆ? ಶುಗರಲ್ಲಿ ಹೆಚ್ಚಾಗಿ ಉದ್ದದ ನರಗಳ ತುದಿ ಮೊದಲು ಹಾಳಾಗುವುದು. ಕಾಲ ಬೆರಳಿನ ತಂತು ಸೊಂಟದಿಂದ ಅಲ್ಲಿವರೆಗೆ ಸುಮಾರು ಒಂದು ಮೀಟರ್, ಹಾಗಾಗಿ ಜೋಮು ಬೆರಳಿಂದ ಶುರುವಾಗಿ ಮೇಲೆ ಹತ್ತುವುದು, ಕೈಗೆ ಬರುವುದು ಎಷ್ಟೋ ಸಮಯದ ಮೇಲೆ. ಡಾಕ್ಟರ್ ಹತ್ರ ಪಾದ ಚೆಕ್ ಮಾಡ್ಸಿ, ಒಂದು ನೈಲಾನ್ ನೂಲು ಒತ್ತಿ ಮತ್ತೆ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡ್ತಾರೆ, ಐದು ನಿಮಿಷದ ಕೆಲಸ. ದಿನಾ ರಾತ್ರಿ ಮನೆಯವರು ಯಾರಾದ್ರೂ ಅಡಿಪಾದ ನೋಡ್ಲೇಬೇಕು, ಗಾಯ ಆದ್ರೆ ಅವ್ರಿಗೆ ಗೊತ್ತಾಗುದಿಲ್ಲ. ಈಗಿನ ಗುಳ್ಳೆಯನ್ನು ಒಡೀಬೇಡಿ, ನಾಳೆಯೇ ತೋರ್ಸಿ.

ಬ್ರಹ್ಮಾವರ_ಭಟ್:
ಆಯ್ತು, ನಾಳೆಯೇ ಕರ್ಕೊಂಡು ಹೋಗ್ತೇನೆ.

ಕಟಪಾಡಿ_ಕಟ್ಟೆ:
ಟೀಚರೇ, ಬೊಂಡಾಸ್ ಕ್ಲೀನ್ ಮಾಡುವಾಗ ಆ ನರ ಕಾಣ್ತದಾ? ಆದಿತ್ಯವಾರ ಮಲ್ಪೆಯಿಂದ ತರ್ಲಿಕ್ಕುಂಟು.

ಬಯಾಲಜಿ_ಟೀಚರ್:
ಕಾಣ್ತದೆ, ರಿಂಗ್ ಕಟ್ ಮಾಡ್ಬೇಡಿ ಆಯ್ತಾ. ಹೊಟ್ಟೆ ಬದಿಯಿಂದ ಉದ್ದಕ್ಕೆ ಸೀಳಿ ಬಿಡಿಸಿ, ಒಳಗಿನ ಗೋಡೆಯಲ್ಲಿ ಎರಡೂ ಕಡೆ ನಕ್ಷತ್ರದ ಹಾಗೆ ಹರಡಿದ ಬಿಳಿ ಗೆರೆಗಳು ಸಿಗ್ತದೆ. ಅದ್ರಲ್ಲಿ ಬಾಲದ ಕಡೆಗೆ ಹೋಗುವ ಉದ್ದದ್ದರ ಒಳಗೆ ಆ ದಪ್ಪ ತಂತು ಇರುವುದು. ನೋಡಿ ಆದ್ಮೇಲೆ ಸುಕ್ಕ ಮಾಡ್ಲಿಕ್ಕೆ ಅಡ್ಡಿಯಿಲ್ಲ.