ಟರ್ಮಿನಲ್‌ನಲ್ಲಿ ಕ್ಯಾಲೆಂಡರ್ ಪ್ರಿಂಟ್ ಆಗುತ್ತದೆ, ಕ್ರಾನ್‌ನಲ್ಲಿ ಆಗುವುದಿಲ್ಲ. ಸಹಾಯ ಮಾಡಿ

ತಿಂಗಳಹಾಳೆ:
ಪ್ರತಿ ತಿಂಗಳು 1ನೇ ತಾರೀಖು ಬೆಳಿಗ್ಗೆ 6ಕ್ಕೆ ಆ ತಿಂಗಳ ಕ್ಯಾಲೆಂಡರ್ ತಾನಾಗಿಯೇ ಪ್ರಿಂಟ್ ಆಗಬೇಕು. ಇಷ್ಟೇ ಬೇಕಾಗಿರುವುದು. ಟರ್ಮಿನಲ್‌ನಲ್ಲಿ ಅದೇ ಕಮಾಂಡ್ ಹೊಡೆದರೆ ಹಾಳೆ ಬರುತ್ತದೆ. ಕ್ರಾನ್‌ಗೆ (ಲಿನಕ್ಸ್‌ನಲ್ಲಿ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಮ್) ಹಾಕಿದರೆ ಏನೂ ಇಲ್ಲ, ಎರರ್ ಕೂಡ ಇಲ್ಲ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ದಾಯಿತು. ತಲೆ ಕೆಟ್ಟುಹೋಗಿದೆ.

ಶಾಯಿಪೆಟ್ಟಿಗೆ:
ಡಿಫಾಲ್ಟ್ ಪ್ರಿಂಟರ್‌ದೇ ಸಮಸ್ಯೆ. ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಕ್ರಾನ್‌ಟ್ಯಾಬ್, ಅಂದರೆ ಕ್ರಾನ್‌ನ ಕೆಲಸಗಳ ಪಟ್ಟಿ, ತೆರೆದಿದ್ದರೆ ಅದು ರೂಟ್ ಅನ್ನುವ ಅಡ್ಮಿನ್ ಖಾತೆಯದು. ನಿಮ್ಮ ಲಾಗಿನ್‌ನಲ್ಲಿ ಆರಿಸಿದ ಪ್ರಿಂಟರ್ ರೂಟ್‌ಗೆ ಗೊತ್ತಿರುವುದಿಲ್ಲ. ಪ್ರಿಂಟ್‌ಗೆ ಕಳಿಸುವ ಎಲ್‌ಪಿ ಕಮಾಂಡ್ ಜೊತೆ ಪ್ರಿಂಟರ್ ಹೆಸರನ್ನೂ ಕೊಡಿ.

ತಿಂಗಳಹಾಳೆ:
ಸುಡೋ ಹಾಕಿಲ್ಲ. ಹೆಸರು ಕೊಟ್ಟೆ, ಆದರೂ ಬರಲಿಲ್ಲ.

ಶಾಯಿಪೆಟ್ಟಿಗೆ:
ಹಾಗಾದರೆ ಹೆಸರಿನಲ್ಲೇ ಏನೋ ತಪ್ಪಿದೆ. ಪ್ರಿಂಟರ್‌ಗಳ ಸ್ಥಿತಿ ಹೇಳುವ ಎಲ್‌ಪಿಸ್ಟ್ಯಾಟ್ ಕಮಾಂಡ್ ಏನು ತೋರಿಸುತ್ತದೆ? ಇದು ನೂರಕ್ಕೆ ನೂರು ಪ್ರಿಂಟರ್ ಹೆಸರಿನದೇ.

ರಾತ್ರಿಪಾಳಿ:
ಬೆಳಿಗ್ಗೆ 6ಕ್ಕೆ ಕಂಪ್ಯೂಟರ್ ಆನ್ ಇರುತ್ತದಾ? ಆ ಹೊತ್ತಿಗೆ ಆಫ್ ಇದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ, ಆಮೇಲೆ ಓಡಿಸುವುದಿಲ್ಲ. ತಪ್ಪಿದ ಕೆಲಸವನ್ನು ಆಮೇಲೆ ಓಡಿಸುವ ಅನಾಕ್ರಾನ್ ಹಾಕಿಕೊಳ್ಳಿ.

ಶಾಯಿಪೆಟ್ಟಿಗೆ:
ಅನಾಕ್ರಾನ್‌ಗೆ 6 ಗಂಟೆಗೇ ಮಾಡು ಅಂತ ಹೇಳುವುದಕ್ಕೆ ಆಗುವುದಿಲ್ಲ. ಅವರು ಕೇಳಿದ್ದು 6 ಗಂಟೆ.

ರಾತ್ರಿಪಾಳಿ:
ತಿಂಗಳಿಗೊಂದು ಹಾಳೆ, 6 ಆದರೇನು 8 ಆದರೇನು? ಗಂಟೆಯೇ ಮುಖ್ಯ ಅಂದರೆ ಕ್ರಾನ್ ಬದಲಿಗೆ ಸಿಸ್ಟಮ್‌ಡಿ ಟೈಮರ್ ಇದೆ. ಅದರಲ್ಲಿ ಪರ್ಸಿಸ್ಟೆಂಟ್ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ತಪ್ಪಿದ ಸರದಿ ಕಂಪ್ಯೂಟರ್ ಶುರುವಾದ ಮೇಲೆ ಓಡುತ್ತದೆ. ನನ್ನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಹಗಲು ರಾತ್ರಿ ಆನ್. ಲೇಸರ್‌ಗೆ ಕ್ಯಾಲೆಂಡರ್, ಇಂಕ್‌ಜೆಟ್‌ಗೆ ವಾರಕ್ಕೊಂದು ಬಣ್ಣದ ಹಾಳೆ, ಪ್ರಿಂಟ್ ಹೆಡ್‌ನಲ್ಲಿ ಶಾಯಿ ಒಣಗದಿರಲಿ ಅಂತ. ಎಲ್ಲಾ ಟೈಮರ್‌ನಲ್ಲೇ ನಡೆಯುತ್ತದೆ.

ತಿಂಗಳಹಾಳೆ:
ಕಂಪ್ಯೂಟರ್ ಆನ್ ಇತ್ತು! ಈಗಿನ ಟೈಮಿಗಿಂತ ಸ್ವಲ್ಪ ಮುಂದಿನದು ಹಾಕಿ, ಎದುರಿಗೇ ಕೂತು ನೋಡಿದ್ದೇನೆ.

ಕೋಲುಗೆರೆ:
ಕ್ರಾನ್‌ಟ್ಯಾಬ್‌ನಲ್ಲಿ ಬರೆದ ಸಾಲು ಯಾವುದು ಅಂತ ಇನ್ನೂ ಹೇಳಿಲ್ಲ ಅಲ್ವಾ. ಸಿಸ್ಟಮ್‌ನ ಲಾಗ್ ಆದ ಸಿಸ್‌ಲಾಗ್‌ನಲ್ಲಿ ಕ್ರಾನ್ ಏನು ಬರೆದಿದೆ?

ತಿಂಗಳಹಾಳೆ:
ಕಮಾಂಡ್ ಓಡಿದೆ ಅಂತಿದೆ. ಅದರ ಕೆಳಗೆ ಎಂಟಿಎ (ಮೇಲ್ ಕಳಿಸುವ ಪ್ರೋಗ್ರಾಮ್) ಇಲ್ಲ, ಔಟ್‌ಪುಟ್ ಬಿಸಾಡಿದೆ ಅನ್ನುವ ಸಾಲು. ನನಗೆ ಮೇಲ್ ಬೇಡ, ಹಾಳೆ ಬೇಕು. ಕಮಾಂಡ್ ತುಂಬಾ ಸುಲಭದ್ದು. ಕ್ಯಾಲೆಂಡರ್ ಮಾಡುವ ಪಿಕ್ಯಾಲ್‌ನಿಂದ ಪ್ರಿಂಟ್‌ಗೆ ಬೇಕಾದ ಪೋಸ್ಟ್‌ಸ್ಕ್ರಿಪ್ಟ್ ಫೈಲ್, ಫೈಲ್ ಹೆಸರಿಗೆ ಡೇಟ್ ಕಮಾಂಡ್‌ನಿಂದ ವರ್ಷ ಮತ್ತು ತಿಂಗಳು, ಆಮೇಲೆ ಎಲ್‌ಪಿ.

ಕೋಲುಗೆರೆ:
ಸಿಕ್ಕಿತು. ಡೇಟ್‌ನಲ್ಲಿ ಪ್ಲಸ್ ಆದಮೇಲೆ % ಬರುತ್ತದೆ. ಕ್ರಾನ್‌ಟ್ಯಾಬ್‌ನಲ್ಲಿ % ಅಂದರೆ ಸಾಲು ಮುಗಿಯಿತು ಅಂತ. ಮೊದಲ %ವರೆಗಿನದು ಮಾತ್ರ ಕಮಾಂಡ್, ಉಳಿದದ್ದು ಅದಕ್ಕೆ ಇನ್‌ಪುಟ್ ಆಗಿ ಹೋಗುತ್ತದೆ. ಬ್ರಾಕೆಟ್ ಮುಚ್ಚದ ಅರ್ಧ ಕಮಾಂಡ್, ಕಮಾಂಡ್ ಓಡಿಸುವ ಶೆಲ್‌ಗೆ ಸಿಕ್ಕಿ ಎರರ್ ಕೊಟ್ಟಿದೆ. ಆ ಎರರ್ ಮೇಲ್‌ನಲ್ಲಿ ಬರಬೇಕಿತ್ತು. ಮೇಲ್ ಕಳಿಸುವ ಪ್ರೋಗ್ರಾಮ್ ಇಲ್ಲದ್ದರಿಂದ ಕ್ರಾನ್ ಬಿಸಾಡಿದೆ. ಪ್ರತಿ %ಗೂ ಮೊದಲು \ ಹಾಕಿ. ಇಲ್ಲವೇ ಕಮಾಂಡ್ ಪೂರ್ತಿ ಒಂದು ಸ್ಕ್ರಿಪ್ಟ್ ಫೈಲ್‌ನಲ್ಲಿಟ್ಟು ಅದನ್ನು ಕ್ರಾನ್‌ನಿಂದ ಕರೆಯಿರಿ, ಸ್ಕ್ರಿಪ್ಟ್ ಒಳಗೆ \ ಬೇಡ. ನನಗೆ ಎರಡನೆಯದೇ ಇಷ್ಟ. ಎರರ್‌ಗಳನ್ನು ಒಂದು ಲಾಗ್ ಫೈಲ್‌ಗೆ ತಿರುಗಿಸಿ, ಮುಂದಿನ ಸಲ ಕತ್ತಲಲ್ಲಿ ಹುಡುಕುವುದು ತಪ್ಪುತ್ತದೆ.

ಶಾಯಿಪೆಟ್ಟಿಗೆ:
ಆದರೂ ಪ್ರಿಂಟರ್ ಹೆಸರು ಕೊಟ್ಟಿರುವುದು ಒಳ್ಳೆಯದು. ತೆಗೆಯಬೇಡಿ.

ತಿಂಗಳಹಾಳೆ:
ಸ್ಕ್ರಿಪ್ಟ್ ಮಾಡಿದೆ, ಹಾಳೆ ಬಂತು!! ತುಂಬಾ ಥ್ಯಾಂಕ್ಸ್. ಆದರೆ ಕೆಳಗಿನ ಗೆರೆ ಕತ್ತರಿಸಿದೆ.

ಕೋಲುಗೆರೆ:
ಪಿಕ್ಯಾಲ್ ಲೆಟರ್ ಅಳತೆಗೆ ಮಾಡಿರಬಹುದು, ನಿಮ್ಮ ಹಾಳೆ ಎ4 ಅಲ್ವಾ? ಪೋಸ್ಟ್‌ಸ್ಕ್ರಿಪ್ಟ್ ಫೈಲ್ ತೆರೆದು ಅಳತೆ ನೋಡಿ.

ಹೊಸಕೀಲಿ:
ವಿಂಡೋಸ್‌ನಲ್ಲಿ ನನಗೂ ಇದೇ ಗೋಳು. ಟಾಸ್ಕ್ ಶೆಡ್ಯೂಲರ್ ಕೆಲವು ಸಲ ಪ್ರಿಂಟ್ ಮಾಡುತ್ತದೆ, ಕೆಲವು ಸಲ ಇಲ್ಲ. ಲ್ಯಾಪ್‌ಟಾಪ್.

ರಾತ್ರಿಪಾಳಿ:
ಚಾರ್ಜರ್ ಹಾಕಿದಾಗ ಮಾತ್ರ ಬರುತ್ತಿದೆಯಾ ನೋಡಿ. ಕಂಡಿಷನ್ಸ್ ಟ್ಯಾಬ್‌ನಲ್ಲಿ ಕರೆಂಟ್ ಮೇಲೆ ಇದ್ದರೆ ಮಾತ್ರ ಶುರು ಮಾಡು ಅನ್ನುವುದಕ್ಕೆ ಮೊದಲೇ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಆಗಲೂ ಬರದಿದ್ದರೆ ಬೇರೆ ಥ್ರೆಡ್ ತೆರೆಯಿರಿ, ಇದರಲ್ಲಿ ಬೇಡ.