ಪದಚರ್ಚೆ: ‘ಡ್ರಾಫ್ಟ್ ಆದ’ ಹುಡುಗನಿಗೆ ಕನ್ನಡದಲ್ಲಿ ಏನನ್ನಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಕೆನಡಾದ ಕಿರಿಯರ ಐಸ್ ಹಾಕಿ ಬಗ್ಗೆ ಒಂದು ಉದ್ದನೆಯ ಬರಹ ಬರೆಯುತ್ತಿದ್ದೇನೆ. ಒಂದೇ ಒಂದು ಸೀಸನ್ ಆರಿಸಿಕೊಂಡಿದ್ದೇನೆ, 2004–05. ಆ ವರ್ಷ ಆಡಿದ ಹುಡುಗರು ಮುಂದೆ ಏನಾದರು ಅನ್ನೋದೇ ವಿಷಯ. ಪಂದ್ಯಗಳ ಕಥೆ ಸರಾಗವಾಗಿ ಬಂತು. ಹುಡುಗರ ಮುಂದಿನ ಬದುಕಿಗೆ ಬಂದಾಗ ಮಾತ್ರ ಪದಗಳು ಕೈಕೊಡುತ್ತಿವೆ. ನಿಮ್ಮ ನೆರವು ಬೇಕು.

ಪದ ಎಲ್ಲಿ ಕೂರಬೇಕು ಅಂತ ಗೊತ್ತಾಗಲು ಮೊದಲು ಸಂದರ್ಭ ಹೇಳುತ್ತೇನೆ. ಕೆನಡಾದಲ್ಲಿ ಸುಮಾರು 16ರಿಂದ 20 ವರ್ಷದ ಹುಡುಗರಿಗೆ ಮೂರು ದೊಡ್ಡ ಲೀಗ್‌ಗಳಿವೆ. ಒಂಟಾರಿಯೊದ್ದು ಒಂದು, ಕ್ವಿಬೆಕ್ಕಿನದು ಒಂದು, ಪಶ್ಚಿಮದ ಪ್ರಾಂತ್ಯಗಳದ್ದು ಇನ್ನೊಂದು. ಮೂರರ ಚಾಂಪಿಯನ್ ತಂಡಗಳೂ ಒಂದು ಆತಿಥೇಯ ತಂಡವೂ ಸೇರಿ ವರ್ಷದ ಕೊನೆಗೆ ಮೆಮೋರಿಯಲ್ ಕಪ್ ಆಡುತ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು. 2004–05ರಲ್ಲಿ ಈ ಹುಡುಗರ ಆಟಕ್ಕೆ ಹಿಂದೆಂದೂ ಇಲ್ಲದಷ್ಟು ಗಮನ ಸಿಕ್ಕಿತು. ಸಂಬಳದ ಮಿತಿಯ ವಿಷಯದಲ್ಲಿ ತಂಡದ ಮಾಲೀಕರಿಗೂ ಆಟಗಾರರ ಸಂಘಕ್ಕೂ ಜಗಳ ಹತ್ತಿ, ಅಮೆರಿಕ ಮತ್ತು ಕೆನಡಾದ ದೊಡ್ಡವರ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಇಡೀ ಸೀಸನ್ ರದ್ದಾಗಿತ್ತು. ದೊಡ್ಡವರ ಆಟ ನಿಂತಾಗ ದೇಶವೆಲ್ಲ ಈ ಹುಡುಗರ ಕಡೆ ತಿರುಗಿತು.

ಆ ವರ್ಷದ ತಂಡ ಲಂಡನ್ ನೈಟ್ಸ್. ಇಂಗ್ಲೆಂಡಿನ ಲಂಡನ್ ಅಲ್ಲ, ಒಂಟಾರಿಯೊದ ಲಂಡನ್. ಡೇಲ್ ಹಂಟರ್, ಮಾರ್ಕ್ ಹಂಟರ್ ಅಣ್ಣತಮ್ಮಂದಿರು 2000ದಲ್ಲಿ ಕೊಂಡು ಕಟ್ಟಿದ ತಂಡ. ಇವರ ಬಗ್ಗೆ ಬರೆಯುವಾಗಲೇ ಮೊದಲ ತೊಡಕು ಬಂತು. ಸೀಸನ್ನಿನ ಶುರುವಿನಿಂದ ಸತತ 31 ಪಂದ್ಯ ಅವರು ಸೋಲಲೇ ಇಲ್ಲ. ಬ್ರ್ಯಾಂಡನ್ ವೀಟ್ ಕಿಂಗ್ಸ್ ತಂಡ 1978–79ರಲ್ಲಿ ಮಾಡಿದ್ದ 29 ಪಂದ್ಯಗಳ ದಾಖಲೆ ಮುರಿಯಿತು. ‘ಸತತ 31 ಗೆಲುವು’ ಅಂತ ಬರೆದರೆ ತಪ್ಪು, ಯಾಕಂದರೆ ಗೆದ್ದದ್ದು 29, ಸಮನಾದದ್ದು 2. ‘31 ಪಂದ್ಯ ಅಜೇಯ’ ಅನ್ನಬಹುದು, ಪತ್ರಿಕೆಯವರು ಹಾಗೇ ಬರೆಯುತ್ತಾರೆ. ಆದರೆ ಅಜೇಯ ಅಂದರೆ ಯಾರಿಂದಲೂ ಸೋಲಿಸಲಾಗದವನು ಅಂತ ಅರ್ಥ ಅಲ್ವಾ? ಸಮ ಮಾಡಿಕೊಂಡವನಿಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು. ಅದರ ಜೊತೆಗೆ ಕ್ರಿಕೆಟ್‌ನಲ್ಲಿ ಔಟಾಗದೆ ಉಳಿದವನಿಗೂ ಅದೇ ಪದ. ನಾನು ‘31 ಪಂದ್ಯ ಸೋಲು ಕಾಣಲಿಲ್ಲ’ ಅಂತ ಬರೆದು ಮುಂದೆ ಹೋದೆ. ಇದರ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ.

ನನ್ನ ನಿಜವಾದ ಕಷ್ಟ ‘ಡ್ರಾಫ್ಟ್’ ಪದದ್ದು. ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಕಿರಿಯ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಏರ್ಪಾಡು ಅದು.

ಕೋರಿ ಪೆರಿ ಆ ತಂಡದ ದೊಡ್ಡ ಆಟಗಾರ. 2004–05ರಲ್ಲಿ 130 ಅಂಕ ಗಳಿಸಿ ಒಂಟಾರಿಯೊ ಲೀಗ್‌ನಲ್ಲಿ ಮೊದಲಿಗನಾದ. ಇಲ್ಲಿ ಅಂಕ ಅಂದರೆ ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸು, ಎರಡೂ ಸೇರಿ. ಅವನನ್ನು ಎನ್‌ಎಚ್‌ಎಲ್‌ನ ಅನಾಹೈಮ್ ತಂಡ 2003ರ ಡ್ರಾಫ್ಟ್‌ನಲ್ಲಿ 28ನೆಯವನಾಗಿ ಆರಿಸಿಕೊಂಡಿತ್ತು. ಇದನ್ನೇ ನಾನು ‘2003ರಲ್ಲಿ ಅನಾಹೈಮ್ ತಂಡಕ್ಕೆ ಆಯ್ಕೆಯಾದ’ ಅಂತ ಬರೆದೆ ಅಂದುಕೊಳ್ಳಿ. ಕನ್ನಡ ಓದುಗರು ಏನು ತಿಳಿಯುತ್ತಾರೆ? ‘ರಾಜ್ಯ ತಂಡಕ್ಕೆ ಆಯ್ಕೆಯಾದ’ ಅಂದರೆ ಮುಂದಿನ ಪಂದ್ಯಕ್ಕೆ ಕಿಟ್ ಕಟ್ಟಿಕೊಂಡು ಹೊರಟ ಅಂತ ನಮ್ಮಲ್ಲಿ ಅರ್ಥ. ಪೆರಿ ಎಲ್ಲಿಗೂ ಹೊರಡಲಿಲ್ಲ. ಇನ್ನೂ ಎರಡು ವರ್ಷ ಲಂಡನ್‌ನಲ್ಲೇ ಆಡಿದ. ಈ ಎರಡು ವಾಕ್ಯ ಒಂದರ ಪಕ್ಕ ಒಂದು ಬಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ತಂಡಕ್ಕೆ ಆಯ್ಕೆಯಾದವನನ್ನು ಯಾಕೆ ಆಡಿಸಲಿಲ್ಲ, ಗಾಯವಾಗಿತ್ತಾ ಅಂತ ಕೇಳುತ್ತಾರೆ.

ಹಾಗಾದರೆ ಹರಾಜು ಅನ್ನೋಣವೇ? ಐಪಿಎಲ್‌ನಿಂದಾಗಿ ಆ ಪದ ಮನೆಮನೆಗೂ ಗೊತ್ತು. ಆದರೆ ಡ್ರಾಫ್ಟ್‌ನಲ್ಲಿ ಯಾರೂ ಕೂಗಿ ಬೆಲೆ ಏರಿಸುವುದಿಲ್ಲ. 18 ವರ್ಷ ತುಂಬಿದ ಹುಡುಗರ ಹೆಸರುಗಳನ್ನು ಎನ್‌ಎಚ್‌ಎಲ್ ತಂಡಗಳು ಸರದಿಯ ಮೇಲೆ ಒಂದೊಂದಾಗಿ ಹೇಳುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಹೆಸರು ಹೇಳಿದ ತಂಡಕ್ಕೆ ಸಿಗುವುದು ಒಂದು ಹಕ್ಕು ಅಷ್ಟೇ: ಈ ಹುಡುಗನ ಜೊತೆ ಎನ್‌ಎಚ್‌ಎಲ್ ಒಪ್ಪಂದ ಮಾಡಿಕೊಳ್ಳುವುದಿದ್ದರೆ ನಾವೇ ಮಾಡಿಕೊಳ್ಳಬೇಕು, ಬೇರೆಯವರು ಬರುವ ಹಾಗಿಲ್ಲ. ಹುಡುಗ ತನ್ನ ಕಿರಿಯರ ತಂಡಕ್ಕೆ ವಾಪಸ್ ಹೋಗಿ ಆಡುತ್ತಾ ಬೆಳೆಯುತ್ತಾನೆ.

ನನಗೆ ಹೊಳೆದದ್ದು ‘ಕಾದಿರಿಸು’. ಬಸ್ಸಿನ ಸೀಟಿಗೆ, ರೈಲಿನ ಟಿಕೇಟಿಗೆ ನಾವು ಬಳಸುವ ಪದವೇ. ‘ಅನಾಹೈಮ್ ತಂಡ 2003ರಲ್ಲೇ ಪೆರಿಯನ್ನು ಕಾದಿರಿಸಿತ್ತು, ಅವನು ಲಂಡನ್‌ನಲ್ಲಿ ಆಡುತ್ತಿದ್ದ’ ಅಂದರೆ ಎಲ್ಲೂ ಎಡವುವುದಿಲ್ಲ. ಇನ್ನೊಂದು ದಾರಿ ‘ಹೆಸರು ಬರೆಸಿಕೊಂಡಿತು’. ಇದು ಮಾತಿಗೆ ಹತ್ತಿರ. ಆದರೆ ‘ಆಸ್ತಿ ಬರೆಸಿಕೊಂಡ’ ಅನ್ನುವುದರ ನೆರಳು ಅದರ ಮೇಲೆ ಬೀಳುತ್ತದೆ, ಹುಡುಗನೊಬ್ಬನಿಗೆ ಅದು ಚೆನ್ನಾಗಿ ಕಾಣುವುದಿಲ್ಲ. ಘಟನೆಗೆ ‘ಡ್ರಾಫ್ಟ್’ ಅನ್ನೋದನ್ನೇ ಉಳಿಸಿಕೊಂಡು ಕ್ರಿಯೆಗೆ ಮಾತ್ರ ‘ಕಾದಿರಿಸು’ ಬಳಸಿದರೆ ಹೇಗೆ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಬರುತ್ತದೆ. ಯಾರೂ ಡ್ರಾಫ್ಟ್ ಮಾಡದ ಹುಡುಗ. ಅದೇ ಲಂಡನ್ ತಂಡದಲ್ಲಿ ಡ್ಯಾನ್ ಜಿರಾರ್ಡಿ ಅಂತ ಒಬ್ಬ ರಕ್ಷಣಾ ಆಟಗಾರನಿದ್ದ. ಆ ಸೀಸನ್ನಿನ ನಡುವೆ ಗ್ವೆಲ್ಫ್ ತಂಡದಿಂದ ಬಂದವನು. ಡ್ರಾಫ್ಟ್‌ನಲ್ಲಿ ತಂಡಗಳು ಸುತ್ತಿನ ಮೇಲೆ ಸುತ್ತು ಹೆಸರು ಹೇಳಿದರೂ ಯಾರ ಬಾಯಲ್ಲೂ ಇವನ ಹೆಸರು ಬರಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ ದುಡಿದು 2007ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಬಂದರು. ಮುಂದೆ ಎನ್‌ಎಚ್‌ಎಲ್‌ನಲ್ಲಿ 900ಕ್ಕೂ ಹೆಚ್ಚು ಪಂದ್ಯ ಆಡಿದರು, ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ನ 2014ರ ಫೈನಲ್ ಆಡಿದರು. ಎದುರಾಳಿ ಹೊಡೆದ ಪಕ್‌ಗೆ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಮೈಯೊಡ್ಡಿ ಗೋಲು ತಡೆಯುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ನಮ್ಮಲ್ಲಿ ಗಾದೆ ಇದೆ. ಡ್ರಾಫ್ಟ್ ಅನ್ನುವ ಏರ್ಪಾಡು ಪೂರ್ತಿ ನಿಂತಿರುವುದೇ ಆ ನಂಬಿಕೆಯ ಮೇಲೆ. ಜಿರಾರ್ಡಿಯವರ ಮೊಳಕೆ ಯಾರ ಕಣ್ಣಿಗೂ ಬೀಳಲಿಲ್ಲ. ಇವರಿಗೆ ‘ತಿರಸ್ಕೃತ’ ಅನ್ನೋದು ಸರಿಯಲ್ಲ, ಯಾರೂ ತಿರಸ್ಕರಿಸಲಿಲ್ಲ, ಸುಮ್ನೆ ಯಾರೂ ಕೇಳಲಿಲ್ಲ. ‘ಯಾರೂ ಕೇಳದ ಆಟಗಾರ’ ಅಂತಲೇ ಬರೆದಿದ್ದೇನೆ. ಒಪ್ಪುತ್ತದೆಯೇ?

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುತ್ತಿರುವುದು ಎದುರು ದಿಕ್ಕಿನವರು. ಹುಡುಗರಾಗಿದ್ದಾಗ ಎಲ್ಲರೂ ಮಾತಾಡುವಂತೆ ಆಡಿ, ಮುಂದೆ ಎನ್‌ಎಚ್‌ಎಲ್‌ನಲ್ಲಿ ಹೆಚ್ಚು ದಿನ ನಿಲ್ಲದವರು. ಅದೇ ಲಂಡನ್ ತಂಡದ ರಾಬ್ ಶ್ರೆಂಪ್‌ನನ್ನು ಎಡ್ಮಂಟನ್ ತಂಡ 2004ರಲ್ಲಿ ಮೊದಲ ಸುತ್ತಿನಲ್ಲೇ ಕಾದಿರಿಸಿತ್ತು. 2005–06ರಲ್ಲಿ ಒಂಟಾರಿಯೊ ಲೀಗ್‌ನಲ್ಲಿ 145 ಅಂಕ ಗಳಿಸಿದ. ಪೆರಿಗಿಂತ ಹೆಚ್ಚು! ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು 114 ಪಂದ್ಯ. ಆಮೇಲೆ ಸ್ವೀಡನ್‌ಗೆ ಹೋದರು, ಯೂರೋಪಿನ ಲೀಗ್‌ಗಳಲ್ಲಿ ಆಟ ಮುಂದುವರಿಸಿದರು. ಇನ್ನು ಕ್ವಿಬೆಕ್ ಲೀಗ್‌ನ ರಿಮೂಸ್ಕಿ ಓಶಿಯಾನಿಕ್ ತಂಡ. ಸಿಡ್ನಿ ಕ್ರಾಸ್ಬಿ ಆ ವರ್ಷ 62 ಪಂದ್ಯದಲ್ಲಿ 66 ಗೋಲು ಹೊಡೆದು, 102 ಗೋಲಿಗೆ ಪಾಸು ಕೊಟ್ಟ. ಆಗ ಅವನಿಗೆ 17 ವರ್ಷ. ಅವನ ಎಡಬಲಕ್ಕೆ ಆಡಿದವರು ಮಾರ್ಕ್-ಆಂಟ್ವಾನ್ ಪೂಲಿಯೊ, ಡ್ಯಾನಿ ರೂಸ್ಸಾನ್. ಇಬ್ಬರೂ ನೂರು ಅಂಕ ದಾಟಿದ್ದರು. ಪೂಲಿಯೊ ಎನ್‌ಎಚ್‌ಎಲ್‌ನಲ್ಲಿ ಕೆಲವು ವರ್ಷ ಆಡಿ ಸ್ವಿಟ್ಜರ್ಲೆಂಡ್‌ಗೆ ಹೋದರು. ರೂಸ್ಸಾನ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಇವರ ಬಗ್ಗೆ ಇಂಗ್ಲಿಷ್ ಬರಹಗಳಲ್ಲಿ ‘ಬಸ್ಟ್’ ಅನ್ನುವ ಮಾತು ಕಾಣುತ್ತದೆ. ಅದನ್ನು ನೋಡಿ ನಾವು ‘ವಿಫಲರಾದರು’, ‘ಭರವಸೆ ಹುಸಿಯಾಯಿತು’, ‘ಮಂಕಾದರು’ ಅಂತ ಬರೆಯುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ವೀಡನ್‌ನಲ್ಲೋ ಸ್ವಿಟ್ಜರ್ಲೆಂಡ್‌ನಲ್ಲೋ ಸಂಬಳ ತೆಗೆದುಕೊಂಡು ಆಡುವುದು ಸೋಲಲ್ಲ, ಅದು ಒಂದು ಪೂರ್ತಿ ದುಡಿಮೆ. ನೂರಕ್ಕೆ ಎಷ್ಟೋ ಪಾಲು ಹುಡುಗರಿಗೆ ಅಷ್ಟೂ ಸಿಗುವುದಿಲ್ಲ. ಒಂದೇ ಲೀಗನ್ನು ಅಳತೆಗೋಲು ಮಾಡಿಕೊಂಡರೆ ಆ ಮೂರು ಲೀಗ್‌ಗಳ ಬಹುಪಾಲು ಹುಡುಗರನ್ನೂ ವಿಫಲರು ಅನ್ನಬೇಕಾಗುತ್ತದೆ. ಲಂಡನ್ ತಂಡದ ಡಿಲನ್ ಹಂಟರ್ ಅವರನ್ನೇ ನೋಡಿ. ತರಬೇತುದಾರ ಡೇಲ್ ಹಂಟರ್ ಅವರ ಮಗ. ಅವರೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಆಟ ಮುಗಿಸಿ ಅದೇ ಲಂಡನ್ ತಂಡಕ್ಕೆ ಸಹಾಯಕ ತರಬೇತುದಾರರಾಗಿ ವಾಪಸ್ ಬಂದರು. 2005ರಲ್ಲಿ ಫೈನಲ್‌ನಲ್ಲಿ ರಿಮೂಸ್ಕಿಯನ್ನು 4–0ರಿಂದ ಸೋಲಿಸಿ ಮೆಮೋರಿಯಲ್ ಕಪ್ ಗೆದ್ದವರು, 2025ರಲ್ಲಿ ರಿಮೂಸ್ಕಿ ಊರಿನಲ್ಲೇ ನಡೆದ ಮೆಮೋರಿಯಲ್ ಕಪ್ ಅನ್ನು ಲಂಡನ್ ಗೆದ್ದಾಗ ತರಬೇತುದಾರರ ಸಾಲಿನಲ್ಲಿದ್ದರು. ಇದಕ್ಕೆ ‘ವಿಫಲ’ ಅನ್ನುವ ಪದ ಹೇಗೆ ಹಾಕುವುದು?

‘ಅಲ್ಲಿ ನೆಲೆ ನಿಲ್ಲಲಿಲ್ಲ’ ಅನ್ನೋದು ನನಗೆ ಸಿಕ್ಕಿರುವ ಪದಗಳಲ್ಲಿ ಹದವಾದದ್ದು. ‘ಶ್ರೆಂಪ್ ಎನ್‌ಎಚ್‌ಎಲ್‌ನಲ್ಲಿ ನೆಲೆ ನಿಲ್ಲಲಿಲ್ಲ, ಯೂರೋಪಿನಲ್ಲಿ ಆಡಿದರು.’ ಇದರಲ್ಲಿ ತೀರ್ಪಿಲ್ಲ, ನಡೆದದ್ದು ಮಾತ್ರ ಇದೆ. ಇದಕ್ಕಿಂತ ಚೆನ್ನಾದದ್ದು ಇದ್ದರೆ ಹೇಳಿ.

ನಡುವೆ ಒಂದು ಸಣ್ಣದು: ‘ಬಿಲೆಟ್ ಕುಟುಂಬ’. ಮನೆಯಿಂದ ದೂರ ಬಂದ ಆಟಗಾರ ಹುಡುಗನನ್ನು ಸೀಸನ್ ಪೂರ್ತಿ ತಮ್ಮ ಮನೆಯಲ್ಲಿ ಇರಿಸಿಕೊಂಡು, ಊಟ ಹಾಕಿ, ಶಾಲೆಗೆ ಕಳಿಸಿ ನೋಡಿಕೊಳ್ಳುವ ಸ್ಥಳೀಯ ಮನೆಯವರು. ನೋವಾ ಸ್ಕೋಶಿಯಾದ ಇಂಗ್ಲಿಷ್ ಹುಡುಗ ಕ್ರಾಸ್ಬಿ ಹೀಗೇ ರಿಮೂಸ್ಕಿಯಲ್ಲಿ ಇದ್ದುಕೊಂಡು ಫ್ರೆಂಚ್ ಕಲಿತ. ನಮ್ಮಲ್ಲಿ ‘ವಾರಾನ್ನ’ ಇತ್ತು. ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ಪದ್ಧತಿ. ಭಾವ ಹತ್ತಿರ, ಆದರೆ ಅಲ್ಲಿ ಊಟ ಮಾತ್ರ, ಮನೆಯೂ ದಿನದಿನಕ್ಕೆ ಬೇರೆ. ‘ಆಶ್ರಯ ಮನೆ’ ಅಂದರೆ ಸರ್ಕಾರದ ಯೋಜನೆಯ ಮನೆ ಅಂತಾಗುತ್ತದೆ. ‘ಇಟ್ಟುಕೊಂಡ ಮನೆ’ ಅಂದರೆ ಅರ್ಥವೇ ಕೆಡುತ್ತದೆ. ‘ಸಾಕುತಾಯಿ’ ಅನ್ನುವಂತಿಲ್ಲ, ಹುಡುಗನ ಹೆತ್ತ ತಾಯಿ ಊರಲ್ಲಿದ್ದಾರೆ. ಸದ್ಯಕ್ಕೆ ‘ಇರಲು ಮನೆ ಕೊಟ್ಟವರು’ ಅಂತ ಬಿಡಿಸಿ ಬರೆದಿದ್ದೇನೆ. ಹಳೆಯ ಮೈಸೂರು ಕಡೆಯೋ ಧಾರವಾಡ ಕಡೆಯೋ ಓದುವ ಹುಡುಗರನ್ನು ಮನೆಯಲ್ಲಿ ಇರಿಸಿಕೊಂಡವರಿಗೆ ಬೇರೆ ಹೆಸರು ಇತ್ತೇ? ಹಿರಿಯರು ತಿಳಿಸಿದರೆ ಉಪಕಾರವಾಗುತ್ತದೆ.

ಕೊನೆಯದು ಪದದ್ದಲ್ಲ, ಕ್ರಿಯಾಪದದ ತುದಿಯದು. ಮೇಲೆ ನೀವು ಗಮನಿಸಿರಬಹುದು. 17 ವರ್ಷದ ಕ್ರಾಸ್ಬಿ ‘ಪಾಸು ಕೊಟ್ಟ’. ಆಮೇಲಿನ ಜಿರಾರ್ಡಿ ‘ಆಡಿದರು’. ಪತ್ರಿಕೆಗಳಲ್ಲಿ ಹತ್ತು ವರ್ಷದ ಚೆಸ್ ಆಟಗಾರನಿಗೂ ‘ಅವರು’ ಅಂತ ಬರೆಯುತ್ತಾರೆ. ಮಾತಿನಲ್ಲಾದರೆ ದೊಡ್ಡ ದೊಡ್ಡ ಆಟಗಾರರಿಗೂ ‘ಏನು ಹೊಡೆದ ಮಾರಾಯ’ ಅನ್ನುತ್ತೇವೆ. ನನ್ನ ಬರಹ ಹುಡುಗರಿಂದ ಶುರುವಾಗಿ ನಲವತ್ತರ ಗಂಡಸರವರೆಗೆ ಹೋಗುತ್ತದೆ. ಪೆರಿ 2007ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದರು, 2011ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದರು, 2010 ಮತ್ತು 2014ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, 2025ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲೂ ಆಡಿದರು. ಅದೇ ತಂಡದ ಡೇವ್ ಬೋಲೆಂಡ್ 2013ರ ಫೈನಲ್‌ನ ಕೊನೆಯ ಪಂದ್ಯದಲ್ಲಿ, ಇನ್ನು ಒಂದು ನಿಮಿಷವೂ ಉಳಿದಿಲ್ಲ ಅನ್ನುವಾಗ, ಶಿಕಾಗೊಗೆ ಕಪ್ ತಂದ ಗೋಲು ಹೊಡೆದರು. ಇವರಿಗೆಲ್ಲ ಉದ್ದಕ್ಕೂ ‘ಅವರು’ ಹಾಕಿದರೆ 2005ರ ಪುಟಗಳಲ್ಲಿ ಹುಡುಗರೇ ಕಾಣೆಯಾಗುತ್ತಾರೆ. ಉದ್ದಕ್ಕೂ ‘ಅವನು’ ಹಾಕಿದರೆ ಹಗುರಾಗುತ್ತದೆ.

ನಡುವೆ ಎಲ್ಲೋ ಬದಲಿಸಬೇಕು. ಎಲ್ಲಿ? ಮೊದಲ ಎನ್‌ಎಚ್‌ಎಲ್ ಪಂದ್ಯದಿಂದ ಅಂತ ಮಾಡಿದರೆ ರೂಸ್ಸಾನ್ ಮತ್ತು ಡಿಲನ್ ಹಂಟರ್ ಕೊನೆಯವರೆಗೂ ‘ಅವನು’ ಆಗಿಯೇ ಉಳಿಯುತ್ತಾರೆ. ಅದನ್ನು ನಾನು ಬರೆಯಲಾರೆ. ಕಿರಿಯರ ಲೀಗ್ ಬಿಟ್ಟ ದಿನದಿಂದ ಎಲ್ಲರಿಗೂ ‘ಅವರು’ ಅಂತ ನಾನು ಸದ್ಯಕ್ಕೆ ಗೆರೆ ಹಾಕಿಕೊಂಡಿದ್ದೇನೆ. ಒಂದೇ ಬರಹದಲ್ಲಿ ಹೀಗೆ ಏಕವಚನದಿಂದ ಬಹುವಚನಕ್ಕೆ ಹೋಗುವುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಜೀವನಚರಿತ್ರೆ ಬರೆದ ಅನುಭವ ಇರುವವರು, ಪತ್ರಿಕೆಯ ಆಟದ ಪುಟದಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿ ಇದ್ದೀರಿ. ನೀವು ಆ ಗೆರೆಯನ್ನು ಎಲ್ಲಿ ಹಾಕಿದಿರಿ, ಓದುಗರು ಏನಾದರೂ ಅಂದರೇ ಅಂತ ಬರೆಯಿರಿ. ‘ಕಾದಿರಿಸು’, ‘ಯಾರೂ ಕೇಳದ’, ‘ನೆಲೆ ನಿಲ್ಲಲಿಲ್ಲ’, ಈ ಮೂರಕ್ಕೂ ಒಪ್ಪಿಗೆಯೋ ತಕರಾರೋ ತಿಳಿಸಿ.